ಬಾಟಲಿಯೊಳಗೆ ಯಾವ ಕಾಳು?

ಕೂಡ್ಲಿಗಿ, ಕೊಟ್ಟೂರು, ಎಚ್.ಬಿ. ಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ಈ ಐದೂ ಊರುಗಳಲ್ಲಿ ಮದ್ಯದಂಗಡಿಯ ಜಾಲರಿಯ ಮುಂದೆ ನಿಂತು ಬಿಯರ್ ಕೇಳುವವರ ಮಾತು ಎರಡೇ: ‘ಸ್ಟ್ರಾಂಗ್ ಐತೇನು?’ ‘ಕೂಲ್ ಐತೇನು?’ ಯಾವ ಕಾಳಿನದು, ಯಾವಾಗ ತುಂಬಿದ್ದು, ರುಚಿ ಹೇಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಅಂಗಡಿಯ ಹುಡುಗನಿಗೆ ಗೊತ್ತಿರುವುದಿಲ್ಲ. ಇದೇ ಜನ ಸಂತೆಯಲ್ಲಿ ಜೋಳ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತಾರೆ. ಶೇಂಗಾ ಒಡೆದು ನೋಡುತ್ತಾರೆ, ಮೆಣಸಿನಕಾಯಿ ಮುರಿದು ಮೂಸುತ್ತಾರೆ. ಕೊಟ್ಟೂರಿನ ಮಂಡಕ್ಕಿ–ಮಿರ್ಚಿ ತಿನ್ನುವವರು ಎಣ್ಣೆ ಇವತ್ತಿನದೋ ನಿನ್ನೆಯದೋ ಎಂದು ಮೊದಲ ತುತ್ತಿಗೇ ಹೇಳಿಬಿಡುತ್ತಾರೆ. ಇಷ್ಟು ಚುರುಕಾದ ನಾಲಿಗೆ ಇರುವವರು ಬಾಟಲಿಯ ವಿಷಯಕ್ಕೆ ಬಂದಾಗ ಮಾತ್ರ ಏನು ಕೊಟ್ಟರೂ ಸೈ ಎಂದು ಗಂಟಲಿಗಿಳಿಸುವುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ನಾನು ಕೊಟ್ಟೂರು ಸಮೀಪದ ಹಳ್ಳಿಯವಳು. ಬೆಂಗಳೂರಿನ ಸಣ್ಣ ಬ್ರೂವರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಯೀಸ್ಟ್ ಆರೋಗ್ಯವಾಗಿದೆಯೇ, ನೀರು ಸರಿಯಿದೆಯೇ, ಟ್ಯಾಂಕಿನಲ್ಲಿರುವ ಬಿಯರ್ ಹೊರಗೆ ಹೋಗಲು ತಕ್ಕುದಾಗಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ದಿನವೂ ಬಿಯರಿನ ರುಚಿ ನೋಡುತ್ತೇನೆ: ಒಂದೊಂದು ಗುಟುಕು, ಬೆಳಗಿನ ಹೊತ್ತು, ತಿಂಡಿಗೆ ಮುಂಚೆ. ಈ ಕೆಲಸ ಇಂಥದ್ದು ಎಂದು ಊರಲ್ಲಿ ಬಾಯಿಬಿಟ್ಟು ಹೇಳಲು ನನ್ನ ಅವ್ವನಿಗೆ ವರ್ಷಗಳೇ ಹಿಡಿದವು. ಅದಕ್ಕೆ ಕಾರಣವೂ ಇತ್ತು. ನಮ್ಮ ಚಿಕ್ಕಪ್ಪ ಕುಡಿತದಿಂದಲೇ ಸತ್ತ. ಪಾಕೀಟು ಸಾರಾಯಿಯಿಂದ ಶುರುವಾಗಿ ಕ್ವಾರ್ಟರ್ ವಿಸ್ಕಿಗೆ ಬಂದು ನಿಂತ ಕುಡಿತ ಅವನದು. ಚಿಗವ್ವ ಎರಡು ಎಕರೆ ಹೊಲ ಉಳಿಸಿಕೊಳ್ಳಲು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಮುಂದೆ ನಾನು ಬರೆಯುವುದನ್ನು ಕುಡಿತದ ಹೊಗಳಿಕೆ ಎಂದು ಯಾರೂ ಓದಬಾರದು. ಕುಡಿಯದವರು ಕುಡಿಯುವುದೇ ಬೇಡ. ಆಲ್ಕೋಹಾಲಿಗೆ ‘ಇಷ್ಟಾದರೆ ಅಪಾಯವಿಲ್ಲ’ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಲ್ಯಾಬಿನಲ್ಲಿ ಕೂತ ನನಗೆ ಆ ಮಾತಿನ ಮೇಲೆ ತಕರಾರಿಲ್ಲ. ನನ್ನ ತಕರಾರು ಬೇರೆ. ನಮ್ಮ ತಾಲ್ಲೂಕುಗಳಿಗೆ ಬರುವ ಮದ್ಯ ಅಮಲೊಂದನ್ನೇ ಲೆಕ್ಕಕ್ಕಿಟ್ಟು ಮಾಡಿದ್ದು, ಅಮಲೊಂದನ್ನೇ ಹೇಳಿ ಮಾರುವಂಥದ್ದು. ಅದರೊಳಗೆ ಏನಿದೆ ಎಂದು ಕೇಳುವ ಹಕ್ಕು ಕುಡಿಯುವವನಿಗೂ ಇದೆ, ಅವನ ಹೆಂಡತಿಗೂ ಇದೆ, ಕಾಳು ಬೆಳೆಯುವ ರೈತನಿಗೂ ಇದೆ. ಆ ಹಕ್ಕನ್ನು ಯಾರೂ ಚಲಾಯಿಸುತ್ತಿಲ್ಲ.

ನಾವು ಮಾಡುವ ಬಿಯರುಗಳಲ್ಲಿ ನನಗೆ ಅಚ್ಚುಮೆಚ್ಚು ಆಂಬರ್ ಲಾಗರ್. ತಾಮ್ರದ ಬಣ್ಣದ, ತಿಳಿಯಾದ, ಐದು ಪರ್ಸೆಂಟಿನ ಆಸುಪಾಸು ಆಲ್ಕೋಹಾಲಿನ ಬಿಯರ್ ಅದು. ಅದನ್ನು ರುಚಿ ನೋಡುವ ಕ್ರಮವಿದೆ. ಗಾಜಿನ ಲೋಟದಲ್ಲಿ ಎಣ್ಣೆಯ ಪಸೆಯಾಗಲಿ ಸೋಪಿನ ಪಸೆಯಾಗಲಿ ಉಳಿದಿರಬಾರದು; ಪಸೆಯಿದ್ದರೆ ನೊರೆ ನಿಲ್ಲುವುದಿಲ್ಲ. ಲೋಟವನ್ನು ಓರೆಯಾಗಿ ಹಿಡಿದು ಸುರಿಯುತ್ತ, ಕೊನೆಗೆ ನೆಟ್ಟಗೆ ಮಾಡಿ ಎರಡು ಬೆರಳಿನಷ್ಟು ನೊರೆ ಎಬ್ಬಿಸಬೇಕು. ಬಾಟಲಿಯನ್ನೇ ಬಾಯಿಗಿಟ್ಟರೆ ಮೂಗಿಗೆ ಏನೂ ಸಿಗುವುದಿಲ್ಲ, ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೂ ರುಚಿ ತಿಳಿಯದು. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಎಂಟು ಹತ್ತು ಡಿಗ್ರಿಗೆ ಬಂದ ಮೇಲೆ ಮೂಸಬೇಕು.

ಮೊದಲು ಬರುವುದು ರೊಟ್ಟಿಯ ವಾಸನೆ. ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿಯನ್ನು ಕೆಂಡಕ್ಕೆ ಒಡ್ಡಿದಾಗ ಅಲ್ಲಲ್ಲಿ ಕಂದು ಚುಕ್ಕೆ ಬೀಳುತ್ತವಲ್ಲ, ಆ ಚುಕ್ಕೆಯ ವಾಸನೆ. ಎರಡರ ಹಿಂದಿರುವ ಕ್ರಿಯೆ ಒಂದೇ. ಕಾಳಿನ ಸಕ್ಕರೆಯೂ ಪ್ರೋಟೀನಿನ ಅಂಶಗಳೂ ಬಿಸಿಗೆ ಕೂಡಿಕೊಂಡು ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. 1912ರಲ್ಲಿ ಇದನ್ನು ಮೊದಲು ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ಆಂಬರ್ ಲಾಗರಿನ ಬಣ್ಣ ಬರುವುದು ಮೊಳಕೆ ಬರಿಸಿದ ಜವೆಗೋಧಿಯನ್ನು ಸ್ವಲ್ಪ ಹೆಚ್ಚು ಬಿಸಿಯಲ್ಲಿ ಒಣಗಿಸುವುದರಿಂದ. ಇದಾದ ಮೇಲೆ ಒಂದು ಗುಟುಕು. ನಾಲಿಗೆಯ ಮುಂಭಾಗಕ್ಕೆ ಕಾಳಿನ ತೆಳು ಸಿಹಿ ತಾಕುತ್ತದೆ, ಆದರೆ ಅಲ್ಲೇ ಕೂರುವುದಿಲ್ಲ. ಹಿಂದೆಯೇ ಹಾಪ್ಸ್ ಹೂವಿನ ಕಹಿ ಬಂದು ಸಿಹಿಯನ್ನು ಒರೆಸಿ ಬಾಯನ್ನು ಒಣಗಿಸುತ್ತದೆ. ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಟ್ಟರೆ ರೊಟ್ಟಿ ಮತ್ತೊಮ್ಮೆ ಬರುತ್ತದೆ. ಚೆನ್ನಾಗಿ ಮಾಡಿದ ಆಂಬರ್ ಲಾಗರಿನಲ್ಲಿ ಇದಿಷ್ಟೇ ಇರಬೇಕು. ಬೆಣ್ಣೆಯ ವಾಸನೆ ಬಂದರೆ ಯೀಸ್ಟಿಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿಸುವಾಗ ಅವಸರ ಮಾಡಿದ್ದಾರೆ. ಮರೆಮಾಚಲು ಹಣ್ಣಿನ ಘಮವಿಲ್ಲ, ಮಸಾಲೆಯಿಲ್ಲ, ವಿಪರೀತ ಕಹಿಯೂ ಇಲ್ಲ. ತಪ್ಪು ಮಾಡಿದರೆ ತಪ್ಪು ಎದ್ದು ಕಾಣುವ ಬಿಯರ್ ಇದು. ಅದಕ್ಕೇ ನನಗೆ ಇದರ ಮೇಲೆ ಗೌರವ.

ಇದರ ಹುಟ್ಟಿನ ಕಥೆ ಯುರೋಪಿನದು. ವಿಯೆನ್ನಾ ಹತ್ತಿರದ ಶ್ವೆಖಾಟಿನ ಆಂಟನ್ ಡ್ರೆಹರ್ ಮತ್ತು ಮ್ಯೂನಿಕ್‌ನ ಗೇಬ್ರಿಯಲ್ ಸೆಡ್ಲ್‌ಮಾಯರ್ ಎಂಬ ಇಬ್ಬರು ಬ್ರೂವರಿ ಮನೆತನದ ಹುಡುಗರು 1833ರಲ್ಲಿ ಬ್ರಿಟನ್ ಸುತ್ತಿ ಅಲ್ಲಿನ ಮಾಲ್ಟ್ ಒಣಗಿಸುವ ವಿದ್ಯೆಯನ್ನು ನೋಡಿ ಬಂದರು. ಅಲ್ಲಿಯವರೆಗೆ ಅವರ ಕಡೆಯ ಮಾಲ್ಟಿನಲ್ಲಿ ಸೌದೆಯ ಹೊಗೆ ಸೇರಿ ಬಿಯರ್ ಕಪ್ಪಗೆ, ಹೊಗೆ ಹೊಗೆಯಾಗಿ ಬರುತ್ತಿತ್ತು. ಹೊಗೆ ತಾಕಿಸದೆ ಬಿಸಿ ಗಾಳಿಯಲ್ಲಿ ಒಣಗಿಸಿದ ಮಾಲ್ಟಿನಿಂದ, ತಣ್ಣನೆಯ ನೆಲಮಾಳಿಗೆಯಲ್ಲಿ ಹುದುಗು ಬರಿಸಿ, 1841ರಲ್ಲಿ ಡ್ರೆಹರ್ ತಾಮ್ರವರ್ಣದ ವಿಯೆನ್ನಾ ಲಾಗರ್ ತಂದ. ಮುಂದೆ ತಿಳಿ ಹಳದಿ ಬಿಯರಿನ ಅಬ್ಬರದಲ್ಲಿ ವಿಯೆನ್ನಾದಲ್ಲೇ ಅದು ಮರೆತುಹೋಯಿತು. ಉಳಿದದ್ದು ಸಾಗರದಾಚೆಯ ಮೆಕ್ಸಿಕೊದಲ್ಲಿ. ಅಮೆರಿಕದ ಸಣ್ಣ ಬ್ರೂವರಿಗಳು ಅದಕ್ಕೆ ಮರುಜೀವ ಕೊಟ್ಟವು, ಅಲ್ಲಿಂದ ಬೆಂಗಳೂರಿಗೆ ಬಂತು. 2010ರ ಸುಮಾರಿಗೆ ಇಂದಿರಾನಗರದ ಟಾಯ್ಟ್, ಮರುವರ್ಷ ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್, 2012ರಲ್ಲಿ ಆರ್ಬರ್ ಬಾಗಿಲು ತೆರೆದ ಮೇಲೆ ಬೆಂಗಳೂರಿನ ಕುಡಿಯುವವರಿಗೆ ಬಿಯರಿನಲ್ಲೂ ಬಗೆಗಳಿವೆ ಎಂಬುದು ತಿಳಿಯಿತು. ಆ ತಿಳಿವಳಿಕೆ ತುಮಕೂರು ದಾಟಿ ಈಚೆ ಬಂದದ್ದನ್ನು ನಾನು ಕಂಡಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಾಗ ನನ್ನ ತಮ್ಮನಿಗೆ ಒಂದು ಕೆಲಸ ಹೇಳಿದೆ. ಬೈಕಿನಲ್ಲಿ ಸುತ್ತಾಡುವ ವ್ಯಾಪಾರ ಅವನದು; ಐದೂ ಊರುಗಳಿಂದ ಒಂದೇ ಕಂಪನಿಯ ಒಂದೇ ಬಿಯರನ್ನು ಕೊಂಡು ತರಲು ಹೇಳಿದೆ. ಜೊತೆಗೆ ಬೆಂಗಳೂರಿನಿಂದ ನಾನು ತಂದಿದ್ದ ಒಂದು ಆಂಬರ್ ಲಾಗರ್ ಬಾಟಲಿ, ಒಂದು ಹಿಡಿ ವಿಯೆನ್ನಾ ಮಾಲ್ಟ್ ಕಾಳು. ಹಿತ್ತಲ ಪಡಸಾಲೆಯಲ್ಲಿ ಗಾಜಿನ ಲೋಟಗಳನ್ನು ಸಾಲಾಗಿಟ್ಟು ಸುರಿದೆ. ಅವ್ವ ಕುಡಿಯುವವಳಲ್ಲ. ಆದರೆ ಅಡುಗೆಮನೆಯಲ್ಲಿ ಮುಗ್ಗಲು ಹಿಟ್ಟನ್ನು ಚೀಲ ಬಿಚ್ಚುವ ಮೊದಲೇ ಹಿಡಿಯುವ ಮೂಗು ಅವಳದು. ‘ಸುಮ್ನ ಮೂಸಿ ಹೇಳವ್ವ’ ಎಂದೆ. ಸೆರಗು ಸರಿಸಿಕೊಂಡು ಬಂದು ಒಂದೊಂದೇ ಲೋಟಕ್ಕೆ ಮೂಗು ತಂದಳು. ಎರಡು ಲೋಟ ದಾಟಿ ಮೂರನೆಯದಕ್ಕೆ ನಿಂತು, ‘ಇದು ಮಳ್ಯಾಗ ನೆಂದ ರಟ್ಟಿನ ವಾಸ್ನಿ’ ಎಂದಳು. ಇನ್ನೊಂದರ ಬಗ್ಗೆಯೂ ಅದೇ ಮಾತು. ಬಿಯರ್ ಬಿಸಿಯಲ್ಲಿ ಬಹಳ ಕಾಲ ಕೂತು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಟ್ಟಾಗ ಬರುವ ವಾಸನೆಗೆ ಪ್ರಪಂಚದ ಎಲ್ಲ ಲ್ಯಾಬುಗಳಲ್ಲೂ ರಟ್ಟಿನ ವಾಸನೆ ಎಂದೇ ಹೆಸರು. ಅವ್ವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಆಂಬರ್ ಲಾಗರ್ ಕೊಟ್ಟೆ. ಬಹಳ ಹೊತ್ತು ಮೂಸಿದಳು. ‘ರೊಟ್ಟಿ ಸೀದಂಗ ಐತಲ್ಲೇ. ಹತ್ಲಿಲ್ಲ, ಹತ್ತಾಕ ಬಂದತಿ ಅಷ್ಟ’ ಎಂದಳು. ಮಾಲ್ಟ್ ಕಾಳನ್ನು ಅಂಗೈಗೆ ಹಾಕಿದೆ. ಎರಡು ಕಾಳು ಕಡಿದು, ಜಗಿದು, ‘ಮೊಳಕಿ ಕಟ್ಟಿದ್ದು ಇದು. ನಾವು ರಾಗಿ ಮಾಡಂಗ ಮಾಡ್ಯಾರ. ಕಾಳು ಬ್ಯಾರೆ, ಕೆಲಸ ಒಂದ’ ಎಂದಳು.

ಕೆಲಸ ಒಂದೇ ಎಂಬುದು ಅಕ್ಷರಶಃ ನಿಜ. ನಮ್ಮ ಮನೆಗಳಲ್ಲಿ ಕೂಸಿಗೆ ರಾಗಿ ಮಾಲ್ಟ್ ಮಾಡುವಾಗ ಕಾಳನ್ನು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲೋ ಬಿಸಿಲಲ್ಲೋ ಒಣಗಿಸಿ, ಬೇರನ್ನು ಅಂಗೈಯಲ್ಲಿ ಉಜ್ಜಿ ಕೇರಿ, ಹದವಾಗಿ ಹುರಿದು ಬೀಸುತ್ತಾರೆ. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ. ಅದಕ್ಕೇ ರಾಗಿ ಮಾಲ್ಟಿನ ಗಂಜಿ ಗಟ್ಟಿಯಾಗದೆ ತೆಳ್ಳಗಿದ್ದು ಕೂಸಿನ ಹೊಟ್ಟೆಗೆ ಹಗುರ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಅವರು ರಾಗಿಯ ಮಾಲ್ಟಿನ ಮೇಲೆ ದಶಕಗಳ ಕಾಲ ಮಾಡಿದ ಕೆಲಸ, ನಮ್ಮ ಹೆಂಗಸರು ಕೈಯಿಂದ ಮಾಡಿಕೊಂಡು ಬಂದದ್ದಕ್ಕೆ ವಿಜ್ಞಾನದ ಲೆಕ್ಕ ಬರೆಯಿತು. ಬ್ರೂವರಿಗಳು ಜವೆಗೋಧಿಗೆ ಮಾಡುವುದೂ ಇದನ್ನೇ. ಮುಂದೆ ಹಿಟ್ಟು ಬೀಸುವ ಬದಲು ತರಿ ಒಡೆದು ಬಿಸಿನೀರಿಗೆ ಹಾಕುತ್ತಾರೆ, ಸಿಹಿನೀರನ್ನು ಸೋಸಿ ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಲಾಗರ್ ಆದರೆ ಹತ್ತು ಡಿಗ್ರಿಯ ಸುತ್ತಮುತ್ತ ಹುದುಗು ಬರಿಸಿ, ಆಮೇಲೆ ಸೊನ್ನೆಯ ಹತ್ತಿರದ ತಂಪಿನಲ್ಲಿ ವಾರಗಟ್ಟಲೆ ಸುಮ್ಮನೆ ಬಿಡಬೇಕು. ಆ ಬಿಡುವ ಕಾಲಕ್ಕೇ ದುಡ್ಡು ಹೆಚ್ಚು. ಟ್ಯಾಂಕ್ ಖಾಲಿಯಾಗಲಿ ಎಂದು ಅವಸರ ಮಾಡುವವರು ಲಾಗರ್ ಮಾಡಲಾರರು.

ಇಷ್ಟು ತಂಪಿನಲ್ಲಿ, ಇಷ್ಟು ತಾಳ್ಮೆಯಿಂದ ಮಾಡುವ ಪದಾರ್ಥ ನಮ್ಮ ಕಡೆಗೆ ಬರುವ ಬಗೆ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ಮಾಮೂಲು. ಟಾರ್ಪಾಲಿನ್ ಮುಚ್ಚಿದ ಲಾರಿಯಲ್ಲಿ ಬಂದ ಕ್ರೇಟುಗಳು ಅಂಗಡಿಯ ತಗಡಿನ ಶೆಡ್ಡಿನಲ್ಲಿ ಕೂರುತ್ತವೆ, ಕೆಲವು ಕಡೆ ಬಿಸಿಲಿಗೇ ಕೂರುತ್ತವೆ. ಹಾಪ್ಸ್‌ನ ಕಹಿ ಅಂಶಕ್ಕೆ ಬಿಸಿಲು ತಾಗಿದರೆ ಗಂಧಕದ ಒಂದು ದುರ್ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ಅಷ್ಟು ತಡೆಯುವುದಿಲ್ಲ. ಕೊನೆಗೆ ಗಿರಾಕಿ ಬಂದಾಗ ಫ್ರೀಜರಿಗೆ ತುರುಕಿ ಮಂಜುಗಟ್ಟಿಸಿ ಕೊಡುತ್ತಾರೆ. ಕೆಟ್ಟದ್ದು ನಾಲಿಗೆಗೆ ತಿಳಿಯದಿರಲು ಆ ತಂಪು ಸಾಕು. ‘ಕೂಲ್ ಐತೇನು’ ಎಂಬ ಪ್ರಶ್ನೆಯಿಂದ ಅಂಗಡಿಗೆ ಲಾಭವೇ ಹೊರತು ಕುಡಿಯುವವನಿಗಲ್ಲ.

‘ಸ್ಟ್ರಾಂಗ್ ಐತೇನು’ ಎಂಬುದರ ಲೆಕ್ಕ ಇನ್ನೂ ಗಂಭೀರ. ನಮ್ಮ ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಸ್ಟ್ರಾಂಗ್ ಬಿಯರೇ. ಕಾನೂನಿನ ಪ್ರಕಾರ ಅದರಲ್ಲಿ ಆಲ್ಕೋಹಾಲ್ 5ರಿಂದ 8 ಪರ್ಸೆಂಟಿನವರೆಗೆ ಇರಬಹುದು. 650 ಮಿ.ಲೀ. ಬಾಟಲಿಯಲ್ಲಿ 8 ಪರ್ಸೆಂಟ್ ಎಂದರೆ 52 ಮಿ.ಲೀ. ಶುದ್ಧ ಆಲ್ಕೋಹಾಲ್. 42.8 ಪರ್ಸೆಂಟಿನ ವಿಸ್ಕಿಯ ಒಂದು ನೈಂಟಿಯಲ್ಲಿರುವುದು ಸುಮಾರು 38 ಮಿ.ಲೀ. ಅಂದರೆ ‘ನಾನು ಬರೇ ಬಿಯರ್ ಕುಡಿದೀನಿ’ ಎಂದು ಬೈಕ್ ಹತ್ತುವ ಹುಡುಗ ಒಂದು ನೈಂಟಿಗಿಂತ ಹೆಚ್ಚು ಕುಡಿದಿರುತ್ತಾನೆ. 330 ಮಿ.ಲೀ. ಆಂಬರ್ ಲಾಗರಿನಲ್ಲಿ, 5 ಪರ್ಸೆಂಟಿನ ಲೆಕ್ಕಕ್ಕೆ, 16 ಮಿ.ಲೀ. ಚಿಲ್ಲರೆ. ಕೂಡ್ಲಿಗಿ ದಾಟುವ ಹೈವೇಯಲ್ಲಿ, ಹರಪನಹಳ್ಳಿ ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸುವವರ ಮನೆಯವರಿಗೆ ಈ ಮೂರು ಅಂಕಿ ಬಾಯಿಪಾಠವಾಗಬೇಕು ಎಂಬುದು ನನ್ನಾಸೆ.

ರುಚಿ ನೋಡುವುದು ನಮ್ಮ ಕಡೆಗೆ ಹೊಸದೇನಲ್ಲ. ಹಳ್ಳದ ದಂಡೆಯ ಈಚಲ ಮರಗಳಿಂದ ಸೇಂದಿ ಇಳಿಸುತ್ತಿದ್ದ ಕಾಲದಲ್ಲಿ ಬೆಳಗಿನದು ಸಿಹಿ, ಬಿಸಿಲೇರಿದ ಮೇಲಿನದು ಹುಳಿ, ಸಂಜೆಯದು ಕುಡಿಯಬಾರದ್ದು ಎಂದು ಹಿರಿಯರಿಗೆ ತಿಳಿದಿತ್ತು. ಯಾವ ಮರದ್ದು ಚೆನ್ನ ಎಂದೂ ಹೇಳುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಪಾಕೀಟಿನ ಸಾರಾಯಿ ಬಂತು. ಹಲ್ಲಿನಿಂದ ಮೂಲೆ ಹರಿದು, ಒಂದೇ ಏಟಿಗೆ ಬಾಯಿಗೆ ಹಿಂಡಿ, ಉಪ್ಪೋ ಉಪ್ಪಿನಕಾಯಿಯೋ ನೆಕ್ಕಿ ಆ ರುಚಿಯನ್ನು ಬಾಯಿಂದ ಓಡಿಸುವುದೇ ಕ್ರಮವಾಯಿತು. 2007ರ ಜುಲೈ 1ರಿಂದ ಸಾರಾಯಿ ರಾಜ್ಯದಲ್ಲಿ ನಿಂತಿತು. ಅದು ಒಳ್ಳೆಯದೇ ಆಯಿತು. ಆದರೆ ಅದರ ಜಾಗಕ್ಕೆ ಬಂದ ಅಗ್ಗದ ವಿಸ್ಕಿ, ಬ್ರಾಂಡಿಗಳ ತಳಹದಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಅದಕ್ಕೆ ಬಣ್ಣ, ವಾಸನೆ ಸೇರಿಸಿ ಹೆಸರು ಕೊಟ್ಟದ್ದು. ಕುಡಿಯುವ ಕ್ರಮ ಪಾಕೀಟಿನ ಕಾಲದ್ದೇ ಉಳಿಯಿತು. ಈಗ ಅದು ಟೆಟ್ರಾ ಪ್ಯಾಕಿನಲ್ಲಿ ಬರುತ್ತದೆ, ಹಳ್ಳಿಯ ಕಿರಾಣಿ ಅಂಗಡಿಯ ಸೋಪಿನ ಪೆಟ್ಟಿಗೆಯ ಹಿಂದೆಯೂ ಸಿಗುತ್ತದೆ. ಬೆಳಿಗ್ಗೆ ಕೂಲಿಗೆ ಹೋಗುವ ಮೊದಲೇ ಅದನ್ನು ಕುಡಿಯುವವರನ್ನು ನಮ್ಮೂರಲ್ಲಿ ಯಾರಾದರೂ ನೋಡಬಹುದು.

ಇದನ್ನೆಲ್ಲ ಸಹಿಸಿದವರು ಹೆಂಗಸರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು, ಸುಮಾರು 200 ಕಿ.ಮೀ. ಆ ಪಾದಗಳ ಬೊಬ್ಬೆಯ ಮುಂದೆ ನನ್ನ ಲ್ಯಾಬಿನ ಯಾವ ವಾದವೂ ದೊಡ್ಡದಲ್ಲ. ಕೂಡ್ಲಿಗಿಯ ಹೆಸರೂ ಈ ವಿಷಯದಲ್ಲಿ ರಾಜ್ಯಕ್ಕೆಲ್ಲ ಕೇಳಿದೆ: 2016ರ ಜೂನ್‌ನಲ್ಲಿ ಅಲ್ಲಿನ ಡಿವೈಎಸ್ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟಾಗ ಮದ್ಯದ ವ್ಯಾಪಾರದ ಪ್ರಭಾವದ ಮಾತು ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿತ್ತು. ಗಾಂಧೀಜಿಯ ಚಿತಾಭಸ್ಮವಿಟ್ಟ ಸ್ಮಾರಕ ಇರುವ ಊರು ಅದು. ನಿಷೇಧ ಕೇಳುವವರ ಜೊತೆ ನನಗೆ ಜಗಳವಿಲ್ಲ; ಅಕ್ರಮವಾಗಿ ಕಿರಾಣಿ ಅಂಗಡಿಯಲ್ಲಿ ಮಾರುವುದನ್ನು ನಿಲ್ಲಿಸಿ ಎಂಬ ಅವರ ಬೇಡಿಕೆಗೆ ನನ್ನ ಪೂರ್ತಿ ಸಹಮತವಿದೆ. ಆದರೆ ನಿಷೇಧ ಬರುವವರೆಗೆ ಏನು? ಬರದೇ ಹೋದರೆ ಏನು? ಅಲ್ಲಿಯವರೆಗೂ ಏನನ್ನು ಬೇಕಾದರೂ ತುಂಬಿ, ಯಾವ ಸ್ಥಿತಿಯಲ್ಲಿ ಬೇಕಾದರೂ ಮಾರಬಹುದೆಂದು ಒಪ್ಪಿಕೊಂಡಂತೆ ಆಗುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ಸರ್ಕಾರ ದೂರ ನಿಂತು ನೋಡುವ ಮೂರನೆಯವರಲ್ಲ. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಗೋದಾಮು ಹಾಯ್ದೇ ಅಂಗಡಿಗಳಿಗೆ ಬಾಟಲಿ ಬರಬೇಕು. ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆಗಳೂ ಇವೆ. ಸಗಟು ವ್ಯಾಪಾರ ತನ್ನ ಕೈಯಲ್ಲೇ ಇರುವ ಸರ್ಕಾರ ಮನಸ್ಸು ಮಾಡಿದರೆ ಬಿಯರ್ ಕ್ರೇಟನ್ನು ನೆರಳಲ್ಲಿ, ತಂಪಲ್ಲಿ ಇಡಬೇಕೆಂದು ಅಂಗಡಿಗಳಿಗೆ ಹೇಳಲಾರದೇ? ಹಾಲಿಗೆ ಇಡುವ ತಂಪಿನ ವ್ಯವಸ್ಥೆಯನ್ನು ಇದೇ ರಾಜ್ಯ ಹಳ್ಳಿಹಳ್ಳಿಗೂ ಕಟ್ಟಿದೆ. ಬಾಟಲಿ ತುಂಬಿದ ದಿನವನ್ನು ಕಣ್ಣಿಗೆ ಕಾಣುವ ಕನ್ನಡ ಅಕ್ಷರದಲ್ಲಿ ಹಾಕಿಸಲಿ. ಎಷ್ಟು ಪಾಲು ಮಾಲ್ಟ್, ಎಷ್ಟು ಪಾಲು ಅಕ್ಕಿ ಅಥವಾ ಮೆಕ್ಕೆಜೋಳ, ಎಷ್ಟು ಪಾಲು ಸಕ್ಕರೆ ಎಂದೂ ಬರೆಸಲಿ. ಬಾಟಲಿಯಲ್ಲಿರುವ ಒಟ್ಟು ಆಲ್ಕೋಹಾಲ್ ಎಷ್ಟು ಮಿ.ಲೀ. ಎಂಬುದನ್ನು ಪರ್ಸೆಂಟಿನ ಪಕ್ಕದಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಹಾಕಲಿ. ಪ್ರತಿ ತಾಲ್ಲೂಕು ಅಂಗಡಿಯಲ್ಲೂ ಐದು ಪರ್ಸೆಂಟಿಗಿಂತ ಕೆಳಗಿನ, ಸಣ್ಣ ಬಾಟಲಿಯ ಬಿಯರ್ ಸಿಗುವಂತಾಗಲಿ. ಇವುಗಳಿಗೆ ಹೊಸ ಕಾಯ್ದೆಯ ಗದ್ದಲವೂ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಖರ್ಚು ಬೀಳುವುದು ಹಳಸಿದ್ದನ್ನು ಮಾರಿ ಕೈತೊಳೆದುಕೊಳ್ಳುವವರಿಗೆ.

ಇನ್ನು ಕಾಳಿನ ಮಾತು. ಕೂಡ್ಲಿಗಿ, ಕೊಟ್ಟೂರು ಕಡೆ ಜೋಳ, ರಾಗಿ, ಸಜ್ಜೆ, ನವಣೆ. ಹರಪನಹಳ್ಳಿ ಸೀಮೆಯಲ್ಲಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ನಮ್ಮ ಮೆಕ್ಕೆಜೋಳ ಕೋಳಿಗೂ ಗಂಜಿಪುಡಿ ಕಾರ್ಖಾನೆಗೂ ಹೋಗುತ್ತದೆ. ಜೋಳ ಬೆಳೆಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅತ್ತ ಬೆಂಗಳೂರಿನ ಸಣ್ಣ ಬ್ರೂವರಿಗಳು ಒಳ್ಳೆಯ ಮಾಲ್ಟನ್ನು ಜರ್ಮನಿ, ಬೆಲ್ಜಿಯಂನಿಂದ ತರಿಸುತ್ತವೆ. ದೇಶದೊಳಗಿನ ಜವೆಗೋಧಿ ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶದ ಕಡೆಯದು. ಜೋಳದಿಂದ ಲಾಗರ್ ಆಗುವುದೇ ಎಂದು ಕೇಳುವವರು ನೈಜೀರಿಯಾವನ್ನು ನೋಡಬೇಕು. 1988ರಲ್ಲಿ ಅಲ್ಲಿನ ಸರ್ಕಾರ ಜವೆಗೋಧಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ದೊಡ್ಡ ದೊಡ್ಡ ಬ್ರೂವರಿಗಳು ತಮ್ಮ ಪಾತ್ರೆಗಳನ್ನೇ ಬದಲಿಸಿಕೊಂಡು ಜೋಳಕ್ಕೆ ಇಳಿದವು. ನಿಷೇಧ ಹೋದ ಮೇಲೂ ಜೋಳ ಅಲ್ಲಿ ಉಳಿಯಿತು.

ಕಷ್ಟವಿಲ್ಲವೆಂದಲ್ಲ. ಜೋಳದ ಪಿಷ್ಟ ಕರಗಲು ಜವೆಗೋಧಿಗಿಂತ ಹೆಚ್ಚು ಬಿಸಿ ಬೇಕು, ಅಷ್ಟು ಬಿಸಿಯಲ್ಲಿ ಮಾಲ್ಟಿನ ಕಿಣ್ವಗಳು ಸಾಯುತ್ತವೆ. ಹಾಗಾಗಿ ಜೋಳದ ನುಚ್ಚನ್ನು ಬೇರೆಯೇ ಬೇಯಿಸಿ, ಆರಿಸಿ, ಮಾಲ್ಟಿಗೆ ಬೆರೆಸಬೇಕು. ಹೊಟ್ಟಿಲ್ಲದ ಕಾಳು, ಸೋಸುವಾಗ ಜಿಗುಟಾಗಿ ಕಟ್ಟಿಕೊಳ್ಳುತ್ತದೆ. ಜೋಳವನ್ನೇ ಮೊಳಕೆ ಬರಿಸಿ ಮಾಲ್ಟ್ ಮಾಡುವುದಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಎಳೆ ಜೋಳದ ಕುಡಿ ಮೇಯ್ದು ದನ ಸಾಯುವುದನ್ನು ನಮ್ಮ ರೈತರು ಬಲ್ಲರು. ಮೊಳಕೆಯ ಕುಡಿಯಲ್ಲೂ ಸಯನೈಡ್ ಬಿಡುವ ಅದೇ ಧುರಿನ್ ಎಂಬ ಅಂಶವಿರುತ್ತದೆ. ಒಣಗಿಸಿದ ಮೇಲೆ ಬೇರು, ಕುಡಿಗಳನ್ನು ಉಜ್ಜಿ ಕೇರಿ ತೆಗೆಯಲೇಬೇಕು. ಅವ್ವ ರಾಗಿಗೆ ಮಾಡುವ ಕೆಲಸ, ಇಲ್ಲಿ ಒಂದು ಕುಡಿಯೂ ಉಳಿಯದಂತೆ.

ನಮ್ಮ ಬ್ರೂವರಿಯ ಚಿಕ್ಕ ಪಾತ್ರೆಯಲ್ಲಿ ನಾನು ಕಾಲು ಪಾಲು ಬಿಳಿಜೋಳದ ನುಚ್ಚು ಹಾಕಿ, ಬಣ್ಣಕ್ಕೆ ಹದವಾಗಿ ಹುರಿದ ರಾಗಿ ಮಾಲ್ಟ್ ಬೆರೆಸಿ ಒಂದು ಆಂಬರ್ ಲಾಗರ್ ಮಾಡಿದೆ. ಮೈ ತುಸು ತೆಳುವಾಯಿತು, ನೊರೆ ಬೇಗ ಇಳಿಯಿತು. ಆದರೆ ರಾಗಿಯ ಹುರಿಹಿಟ್ಟಿನ ಪರಿಮಳ ಕೊನೆಯವರೆಗೂ ನಿಂತಿತ್ತು. ಜವೆಗೋಧಿಯ ಮಾಲ್ಟ್ ಎಷ್ಟು ಹುರಿದರೂ ಆ ಪರಿಮಳ ಕೊಡುವುದಿಲ್ಲ. ಜೊತೆಗೆ ಕೆಲಸ ಮಾಡುವ ಕೇರಳದ ಹುಡುಗ ಇದರಲ್ಲಿ ಏನು ಹಾಕಿದ್ದೀಯ ಎಂದು ಮತ್ತೆ ಮತ್ತೆ ಕೇಳಿದ. ಎಣ್ಣೆಗಾಯಿ ಬದನೆಕಾಯಿ, ಗುರೆಳ್ಳು ಚಟ್ನಿಪುಡಿ, ಕಟಕ ರೊಟ್ಟಿ ತಂದು ಅದರ ಜೊತೆ ತಿನ್ನಿಸಿದೆ. ಖಾರವನ್ನು ಕಾಳಿನ ಸಿಹಿ ಹಿಡಿದುಕೊಳ್ಳುತ್ತದೆ, ಎಣ್ಣೆಯನ್ನು ಹಾಪ್ಸ್‌ನ ಕಹಿ ತೊಳೆಯುತ್ತದೆ. ಊಟದ ಜೊತೆ ಕುಡಿದರೆ ಒಂದು ಲೋಟ ಒಂದು ಗಂಟೆ ಬರುತ್ತದೆ, ಎರಡನೆಯದನ್ನು ಯಾರೂ ಕೇಳಲಿಲ್ಲ.

ಜೋಳ, ರಾಗಿಯನ್ನು ಹೊಸ ಬಗೆಯಲ್ಲಿ ಬಳಸಿದ್ದೇವೆ ಎಂದು ಬೆಂಗಳೂರಿನಲ್ಲಿ ಮಾತಾಡುವವರು ಬಹಳ. ಆ ಕಾಳು ಯಾವ ಹೊಲದ್ದು, ಕ್ವಿಂಟಲಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಬಿಳಿಜೋಳವನ್ನು ಮೊಳಕೆಯ ಪ್ರಮಾಣ ನೋಡಿ, ಹುಳ ನೋಡಿ, ತೇವ ನೋಡಿ ಆರಿಸಿ ಕೊಡುವ ರೈತನಿಗೆ ಸಾಮಾನ್ಯ ದರಕ್ಕಿಂತ ಮೇಲಿನ ದರ ನ್ಯಾಯವಾಗಿ ಸಲ್ಲಬೇಕು. ಮಾಲ್ಟಿಗೆ ಮೊಳಕೆಯೇ ಮುಖ್ಯ, ಹಳೆಯ ಕಾಳು ನಡೆಯದು. ಮೊಳಕೆ ಕಟ್ಟುವುದರಲ್ಲಿ ಪಳಗಿದ ಕೈಗಳು ನಮ್ಮ ಸ್ವಸಹಾಯ ಸಂಘಗಳಲ್ಲೇ ಇವೆ. ರಾಗಿ ಮಾಲ್ಟಿನ ಪುಡಿಯನ್ನು ಅವರು ಈಗಾಗಲೇ ಮಾರುತ್ತಿದ್ದಾರೆ. ಅದೇ ಮಾಲ್ಟನ್ನು ಬೀಸದೆ, ಇಡಿ ಕಾಳಾಗಿ, ಬ್ರೂವರಿಯ ಅಳತೆಗೆ ಒಣಗಿಸಿ ಕೊಡುವುದಕ್ಕೆ ಬೇಕಿರುವುದು ಒಂದು ಥರ್ಮಾಮೀಟರ್, ಒಂದು ಡ್ರೈಯರ್ ಮತ್ತು ಮುಂಗಡ ಒಪ್ಪಂದ. ಕೊಡಬೇಕೋ ಬೇಡವೋ ಎಂಬುದು ಆ ಹೆಂಗಸರ ತೀರ್ಮಾನ. ಮದ್ಯದ ಕೆಲಸಕ್ಕೆ ನಮ್ಮ ಕಾಳು ಕೊಡೆವು ಎಂದರೆ ಅದನ್ನು ಮರುಮಾತಿಲ್ಲದೆ ಒಪ್ಪಬೇಕು. ಅವ್ವ ಇನ್ನೂ ಯಾವ ಕಡೆಗೂ ತಲೆ ಆಡಿಸಿಲ್ಲ. ಕೊಡುತ್ತೇವೆ ಎಂದರೆ, ಈ ಸಲದ ಹಿಂಗಾರಿ ಜೋಳ ಬರುವ ಹೊತ್ತಿಗೆ ಬೆಂಗಳೂರಿನ ಬ್ರೂವರಿಯವರು ಮಧ್ಯವರ್ತಿಯನ್ನು ಕಳಿಸದೆ ತಾವೇ ಕೊಟ್ಟೂರಿನ ಎಪಿಎಂಸಿಗೆ ಬಂದು, ನಮ್ಮ ಜನ ಸಂತೆಯಲ್ಲಿ ನೋಡುವಂತೆ ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ, ದರ ಮಾತಾಡಲಿ. ಮೊಳಕೆಯ ಪರೀಕ್ಷೆ ಮಾಡಿಕೊಡಲು ನಾನು ರಜೆ ಹಾಕಿ ಬರುತ್ತೇನೆ.